ಮೂರು ವಾಕ್ಯಗಳ ಬಿನ್ನಹ

ಕಾದಂಬರಿಯೊಂದನ್ನು ಬರೆದು ಮುಗಿಸಿದವನ ಸಂತೋಷ ಬಹುಮಟ್ಟಿಗೆ ಒಂದು ರಾತ್ರಿಯ ಸಂತೋಷ. ಕೊನೆಯ ಪುಟದ ಅಡಿಯಲ್ಲಿ ಗೆರೆಯೆಳೆದು, ದೀಪವಾರಿಸಿ ಮಲಗಿದಾಗ ಅವನಿಗೆ ಲೋಕದ ಮೇಲೆ ಯಾವ ದೂರೂ ಇರುವುದಿಲ್ಲ. ಮರುದಿನ ಬೆಳಿಗ್ಗೆ ಕಾಫಿಯ ಲೋಟ ಕೈಗೆ ಬರುವ ಹೊತ್ತಿಗೆ ಪ್ರಶ್ನೆಯೊಂದು ಎದುರಿಗೆ ಬಂದು ಕುಳಿತಿರುತ್ತದೆ: ಇನ್ನು ಇದನ್ನು ಯಾರ ಕೈಗೆ ಕೊಡುವುದು?

ಸಾಗರ ತಾಲ್ಲೂಕಿನ ಪ್ರೌಢಶಾಲೆಯೊಂದರ ಕನ್ನಡ ಮೇಷ್ಟರೊಬ್ಬರ ಮುಂದೆ ಈ ಪ್ರಶ್ನೆ ಬಂದು ಕುಳಿತದ್ದು ಅವರ 48ನೆಯ ವಯಸ್ಸಿನಲ್ಲಿ. ಹನ್ನೊಂದು ವರ್ಷ ಬೇಸಗೆಯ ರಜೆಗಳಲ್ಲಿ ಬರೆದ ಕಾದಂಬರಿ. ಒಟ್ಟು 412 ಪುಟ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ನೀರು ಏರಿದಾಗ ಮುಳುಗಿದ ಊರುಗಳಲ್ಲಿ ಅವರ ತಂದೆಯ ಊರೂ ಒಂದು. ಮೇಷ್ಟರು ಆ ಊರನ್ನು ಕಣ್ಣಾರೆ ಕಂಡವರಲ್ಲ. ಅವರು ಕಂಡದ್ದು ಹೊಸ ಮನೆಯನ್ನು, ಮತ್ತು ಆ ಮನೆಯಲ್ಲಿ ಹಳೆಯ ಊರನ್ನು ಮನಸ್ಸಿನಲ್ಲಿಟ್ಟುಕೊಂಡು ಓಡಾಡುತ್ತಿದ್ದ ಅಜ್ಜಿಯನ್ನು. ಊರು ಬಿಟ್ಟು ಹೊರಡುವ ದಿನ ಅಜ್ಜಿ, ನೆಲದಲ್ಲಿ ಹೂತಿದ್ದ ಒರಳನ್ನು ಕೀಳಲಾಗದೆ, ಅದರ ಗುಂಡನ್ನು ಮಾತ್ರ ಕಂಬಳಿಯಲ್ಲಿ ಸುತ್ತಿ ಗಾಡಿಗೆ ಏರಿಸಿದ್ದರಂತೆ. ಹೊಸ ಮನೆಯ ಒರಳಿಗೆ ಆ ಗುಂಡು ಹೊಂದಲಿಲ್ಲ. ಆದರೂ ಅವರು ಬದುಕಿದ್ದಷ್ಟು ಕಾಲ ಅದು ಅಡುಗೆಮನೆಯ ಮೂಲೆಯಲ್ಲಿತ್ತು. ದಿನವೂ ಅದನ್ನು ತೊಳೆದು, ಒರೆಸಿ, ಮತ್ತೆ ಅದೇ ಮೂಲೆಯಲ್ಲಿ ಇಡುತ್ತಿದ್ದರು.

ಹೀಗಿರುವಲ್ಲಿ ಒಂದು ಪ್ರಕಟಣೆ ಮೇಷ್ಟರ ಕಣ್ಣಿಗೆ ಬಿದ್ದಿತು. ಚೊಚ್ಚಲ ಕಾದಂಬರಿಕಾರರಿಗಾಗಿ ಒಂದು ಸ್ಪರ್ಧೆ. ಮೊದಲಿಗೆ ಹಸ್ತಪ್ರತಿಯನ್ನು ಕಳುಹಿಸಬೇಕಾಗಿಲ್ಲ. ಕಾದಂಬರಿಯ ಸಾರವನ್ನು ಮೂರೇ ವಾಕ್ಯಗಳಲ್ಲಿ ಬರೆದು, ಮೊದಲ ಹತ್ತು ಪುಟಗಳನ್ನು ಜೊತೆಗಿರಿಸಿದರೆ ಸಾಕು. ಒಪ್ಪಿಗೆಯಾದವರನ್ನು ಬೆಂಗಳೂರಿಗೆ ಕರೆಸಿ, ತೀರ್ಪುಗಾರರ ಎದುರಿನಲ್ಲಿ ಮೂರು ನಿಮಿಷ ಮಾತನಾಡಿಸಲಾಗುವುದು. ಇಂತಹ ಮಾತಿಗೆ ಇಂಗ್ಲಿಷಿನಲ್ಲಿ ‘ಪಿಚ್’ ಎಂದು ಹೆಸರು. ಕ್ರಿಕೆಟ್ ಮೈದಾನದ ನಡುವಣ ಇಪ್ಪತ್ತೆರಡು ಗಜದ ನೆಲವನ್ನಲ್ಲದೆ ಬೇರೆ ಪಿಚ್ಚನ್ನು ಅರಿಯದಿದ್ದ ಮೇಷ್ಟರು ಅದನ್ನು ‘ಬಿನ್ನಹ’ ಎಂದು ಕನ್ನಡಿಸಿಕೊಂಡರು. ಹನ್ನೊಂದು ವರ್ಷಕ್ಕೆ ಮೂರು ವಾಕ್ಯ. ಹೆಚ್ಚುಕಡಮೆ ವರ್ಷಕ್ಕೆ ಕಾಲು ವಾಕ್ಯದ ಲೆಕ್ಕ. ಇದೆಂತಹ ಅನ್ಯಾಯ ಎಂದು ಅವರಿಗೆ ಅನ್ನಿಸಿದ್ದರೆ ಅದು ಅಸಹಜವಲ್ಲ.

ಆದರೆ ಈ ಪದ್ಧತಿ ಯಾರದೋ ಕುಚೋದ್ಯದಿಂದ ಹುಟ್ಟಿದ್ದಲ್ಲ. ಇದು ಬೇರುಬಿಟ್ಟು ಬೆಳೆದದ್ದು ಅಮೆರಿಕೆಯಲ್ಲಿ. ಅಲ್ಲಿನ ದೊಡ್ಡ ಪ್ರಕಾಶಕರು ಅಪರಿಚಿತನ ಹಸ್ತಪ್ರತಿಯನ್ನು ಸಾಮಾನ್ಯವಾಗಿ ನೇರವಾಗಿ ಮುಟ್ಟುವುದಿಲ್ಲ. ನಡುವೆ ಸಾಹಿತ್ಯದ ಏಜೆಂಟನೆಂಬ ಮಧ್ಯವರ್ತಿಯಿದ್ದಾನೆ. ಲೇಖಕನ ಪರವಾಗಿ ಪ್ರಕಾಶಕನೊಡನೆ ಮಾತನಾಡಿ, ಕರಾರು ಕುದುರಿಸಿ, ಲೇಖಕನಿಗೆ ಬರುವ ಹಣದಲ್ಲಿ ಸಾಧಾರಣವಾಗಿ ಶೇಕಡಾ 15ರಷ್ಟನ್ನು ತಾನು ಪಡೆಯುವುದು ಅವನ ವೃತ್ತಿ. ಹಸ್ತಪ್ರತಿಯನ್ನು ಓದಬೇಕೋ ಬೇಡವೋ ಎಂಬುದನ್ನು ಅವನು ನಿರ್ಧರಿಸುವುದು ಲೇಖಕನು ಬರೆದ ಒಂದು ಪುಟದ ಕಾಗದದಿಂದ. ಆ ಒಂದು ಪುಟವೇ ಕಾಲಕ್ರಮದಲ್ಲಿ ಒಂದು ವಿದ್ಯೆಯಾಯಿತು. ವಿದ್ಯೆಯಾದ ಮೇಲೆ ಅದಕ್ಕೆ ಸ್ಪರ್ಧೆಯೂ ಹುಟ್ಟಿಕೊಂಡಿತು.

ಅಮೆಜಾನ್ ಸಂಸ್ಥೆ ಹೊಸ ಕಾದಂಬರಿಕಾರರಿಗಾಗಿ ನಡೆಸಿ 2014ರಲ್ಲಿ ಮುಗಿಸಿದ ಸ್ಪರ್ಧೆಯ ಕೊನೆಯ ವರ್ಷಗಳಲ್ಲಿ ಹತ್ತು ಸಾವಿರ ಹಸ್ತಪ್ರತಿಗಳವರೆಗೆ ಸ್ವೀಕರಿಸುತ್ತಿದ್ದರು. ಮೊದಲ ಸುತ್ತಿನ ಜರಡಿ ಮುನ್ನೂರು ಪದಗಳ ಬಿನ್ನಹ. ‘ಪಿಚ್ ವಾರ್ಸ್’ ಎಂಬ ಇನ್ನೊಂದು ಸ್ಪರ್ಧೆಯನ್ನು ಬ್ರೆಂಡಾ ಡ್ರೇಕ್ ಎಂಬ ಲೇಖಕಿ 2012ರಲ್ಲಿ ಆರಂಭಿಸಿದರು. ಅದರ ಅಂಗವಾಗಿ ಟ್ವಿಟರಿನಲ್ಲಿ ಗೊತ್ತಾದ ದಿನದಂದು ಲೇಖಕರು ತಮ್ಮ ಕಾದಂಬರಿಯನ್ನು ಒಂದು ಟ್ವೀಟಿನ ಮಿತಿಯಲ್ಲಿ ಬಿನ್ನವಿಸಿಕೊಳ್ಳುತ್ತಿದ್ದರು. ಯಾವ ಏಜೆಂಟನಿಗೆ ಮೆಚ್ಚುಗೆಯಾಯಿತೋ ಅವನು ಒಂದು ಗುರುತು ಹಾಕುತ್ತಿದ್ದ. ಹೊರಗಿನವರ ಕಣ್ಣು ಕೋರೈಸಿದ್ದು ಈ ಒಂದು ದಿನದ ಸಂತೆಯೇ. ಆದರೆ ಆ ಸ್ಪರ್ಧೆಯ ಜೀವಾಳ ಬೇರೆಡೆ ಇತ್ತು. ಪುಸ್ತಕ ಪ್ರಕಟಿಸಿದ್ದ ಲೇಖಕರು ತಲಾ ಒಬ್ಬ ಹೊಸಬನನ್ನು ಆರಿಸಿಕೊಂಡು, ಯಾವ ಪ್ರತಿಫಲವನ್ನೂ ಬಯಸದೆ, ತಿಂಗಳುಗಟ್ಟಲೆ ಅವನ ಹಸ್ತಪ್ರತಿಯನ್ನು ಅವನಿಂದಲೇ ತಿದ್ದಿಸುತ್ತಿದ್ದರು. ಏಜೆಂಟರ ಎದುರಿಗೆ ಇರಿಸುತ್ತಿದ್ದುದು ಹೀಗೆ ತಿದ್ದಿದ ಕೃತಿಯ ಮೊದಲ ಪುಟವನ್ನು. ಟೋಮಿ ಅಡಯೆಮಿ ಎಂಬ ತರುಣಿಯ, 2018ರಲ್ಲಿ ಬೆಳಕು ಕಂಡು ಬಹು ಜನಪ್ರಿಯವಾದ ಮೊದಲ ಕಾದಂಬರಿ ಈ ದಾರಿಯಿಂದ ಬಂದದ್ದು. ಉಚಿತ ಸೇವೆಯ ಆ ಭಾರವನ್ನು ಹೆಚ್ಚು ಕಾಲ ಹೊರುವುದು ಸಾಧ್ಯವಾಗದೆ 2022ರಲ್ಲಿ ಸ್ಪರ್ಧೆಯೇ ನಿಂತುಹೋಯಿತು. ಬಿನ್ನಹದಲ್ಲಿ ಗೆದ್ದವರೆಂದು ಹೆಸರಾದವರು ನಿಜವಾಗಿ ಗೆದ್ದದ್ದು ತಿದ್ದುವ ಕೆಲಸದಲ್ಲಿ. ಈ ಅಂಶ ದೂರದವರಿಗೆ ಕಾಣುವುದಿಲ್ಲ. ಮೇಷ್ಟರಿಗೂ ಆಗ ಕಂಡಿರಲಿಲ್ಲ.

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿದರೆ ಸಾಕೆಂಬುದು ನಮ್ಮ ಹಿರಿಯರ ಮಾತು. ಬಿನ್ನಹ ಕೇಳುವವರ ವಾದವೂ ಇದೇ. ಕಾದಂಬರಿಕಾರರು ಇದಕ್ಕೆ ಒಂದು ಆಕ್ಷೇಪವನ್ನು ಎತ್ತಬಹುದು: ಕಾದಂಬರಿ ಅನ್ನದ ತಪ್ಪಲೆಯಲ್ಲ, ಅದು ಮದುವೆಮನೆಯ ಊಟ. ಕೋಸಂಬರಿಯ ರುಚಿ ನೋಡಿ ಪಾಯಸದ ಗುಣ ಹೇಳಲು ಯಾರಿಂದಲೂ ಆಗದು. ಎರಡು ಮಾತೂ ನಿಜ. ಮೂರು ವಾಕ್ಯ ಕೇಳಿ ಕಾದಂಬರಿ ಒಳ್ಳೆಯದೆಂದು ಹೇಳಲು ಬಾರದು. ಆದರೆ ಬರೆದವನಿಗೆ ತನ್ನ ಕಾದಂಬರಿ ಯಾವುದನ್ನು ಕುರಿತದ್ದೆಂದು ತಿಳಿದಿದೆಯೋ ಇಲ್ಲವೋ ಎಂಬುದನ್ನು ಖಂಡಿತವಾಗಿ ಹೇಳಬಹುದು.

ಇದು ನಮಗೆ ಹೊಸದೂ ಅಲ್ಲ. ಶಾಸ್ತ್ರಗ್ರಂಥಗಳನ್ನು ಆರಂಭಿಸುವಾಗ ಅನುಬಂಧ ಚತುಷ್ಟಯವನ್ನು ಹೇಳಬೇಕೆಂಬುದು ಹಿಂದಿನವರ ನಿಯಮ: ವಿಷಯವೇನು, ಪ್ರಯೋಜನವೇನು, ಇವುಗಳ ಸಂಬಂಧವೇನು, ಓದಲು ಅಧಿಕಾರಿ ಯಾರು. ‘ಸಂಬಂಧ’ವನ್ನು ತುಸು ಸಡಿಲಿಸಿ, ಇದೇ ಜಾತಿಯ ಬೇರೆ ಪುಸ್ತಕಗಳೊಡನೆ ನಿನ್ನ ಪುಸ್ತಕದ ನಂಟೇನು ಎಂದು ಓದಿಕೊಂಡರೆ, ಇಂದಿನ ಪ್ರಕಾಶಕನು ಕೇಳುವ ನಾಲ್ಕು ಪ್ರಶ್ನೆಗಳೂ ಇವೇ. ರನ್ನನ ಹಾಗೆ, ತನ್ನ ಕೃತಿರತ್ನವನ್ನು ಪರೀಕ್ಷಿಸಬಂದವನಿಗೆ ಎಂಟೆದೆ ಉಂಟೇ ಎಂದು ಕೇಳುವ ಧೈರ್ಯ ಎಲ್ಲರಿಗೂ ಬಾರದು. ಆ ರನ್ನನಿಗೂ ಬೆನ್ನ ಹಿಂದೆ ಅತ್ತಿಮಬ್ಬೆಯಿದ್ದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಮಹಾತಾಯಿ ಆಕೆ. ಚೊಚ್ಚಲ ಕಾದಂಬರಿಕಾರನಿಗೆ ಅತ್ತಿಮಬ್ಬೆ ದೊರೆಯುವವರೆಗೆ ಬಿನ್ನಹವೇ ಗತಿ.

ಮೇಷ್ಟರು ಬರೆಯಲು ಕುಳಿತರು. ಮೊದಲ ದಿನದ ಮೂರು ವಾಕ್ಯಗಳಲ್ಲಿ ಮಾನವ ಜೀವನದ ಏಳುಬೀಳುಗಳು, ಸಂಸ್ಕೃತಿಯ ಪಲ್ಲಟ, ಪ್ರಕೃತಿ ಮತ್ತು ಪ್ರಗತಿಯ ಸಂಘರ್ಷ ಇವೆಲ್ಲ ಬಂದವು. ಒಬ್ಬ ಮನುಷ್ಯನೂ ಬರಲಿಲ್ಲ. ಅದು ಯಾವ ಕಾದಂಬರಿಗೆ ಬೇಕಾದರೂ ಹೊಂದುವ ಅಂಗಿಯಾಗಿತ್ತು. ಎರಡನೆಯ ದಿನ ಈ ತಪ್ಪನ್ನು ತಿದ್ದಹೋಗಿ ಒಂಬತ್ತು ಪಾತ್ರಗಳ ಹೆಸರನ್ನೂ ಅವರ ನಂಟುಗಳನ್ನೂ ತುಂಬಿದರು. ಅದು ಮದುವೆಯ ಕರೆಯೋಲೆಯಂತಾಯಿತು. ಮೂರನೆಯ ದಿನ ಹಳೆಯ ಸಿನಿಮಾ ಪದ್ಯಾವಳಿಗಳ ಜಾಡು ಹಿಡಿದರು. ಟೆಂಟಿನ ಬಾಗಿಲಲ್ಲಿ ಮಾರುತ್ತಿದ್ದ ಆ ಹಾಡಿನ ಪುಸ್ತಕಗಳಲ್ಲಿ ಕಥೆಯನ್ನು ಅರ್ಧ ಹೇಳಿ, ಮುಂದೇನಾಯಿತೆಂಬುದನ್ನು ಬೆಳ್ಳಿತೆರೆಯ ಮೇಲೆ ನೋಡಿರೆಂದು ಮುಗಿಸುತ್ತಿದ್ದರು. ಬಿನ್ನಹಕ್ಕೆ ಈ ಉಪಾಯ ಸಲ್ಲುತ್ತದೆ. ಆದರೆ ಮುಂದೆ ಪ್ರಕಾಶಕರು ‘ಕಥಾಸಾರಾಂಶ’ವನ್ನು ಕೇಳಿದಾಗ ಸಲ್ಲದು, ಅಲ್ಲಿ ಅಂತ್ಯವನ್ನು ಬಚ್ಚಿಡದೆ ಹೇಳಬೇಕು. ಕೊಳ್ಳುವವನ ಎದುರಿನಲ್ಲಿ ಹಸುವಿನ ಹಲ್ಲನ್ನು ಮುಚ್ಚಿಡಬಾರದು.

ಕೊನೆಗೆ ವಾರದ ಹೊತ್ತಿಗೆ ಮೂರು ವಾಕ್ಯ ಸಿದ್ಧವಾಯಿತು. ಮುಳುಗಲಿರುವ ಊರಿನ ತರುಣನೊಬ್ಬ ಅಣೆಕಟ್ಟು ಕಟ್ಟಿಸಲು ಬಂದ ಎಂಜಿನಿಯರರ ಮಗಳನ್ನು ಪ್ರೀತಿಸುತ್ತಾನೆ, ಅವಳ ತಂದೆ ಕಟ್ಟಿಸಿದ ಗೋಡೆಯೇ ಅವನ ಮನೆಯನ್ನು ಮುಳುಗಿಸಲಿದೆ, ಊರೋ, ಪ್ರೇಯಸಿಯೋ? ಈ ಪ್ರೇಮಪ್ರಸಂಗ ಹಸ್ತಪ್ರತಿಯಲ್ಲಿ ಇದ್ದದ್ದು ನಿಜ. ನಾನೂರು ಪುಟಗಳಲ್ಲಿ ಅದು ಅರುವತ್ತು ಪುಟ. ಮೇಷ್ಟರು ಅದನ್ನು ಹೆಂಡತಿಗೆ ಓದಿ ಹೇಳಿದರು. ಆಕೆ ಇಡೀ ಹಸ್ತಪ್ರತಿಯನ್ನು ಎರಡು ಸಲ ಓದಿದ್ದ ಏಕೈಕ ವಾಚಕಿ.

“ಚೆನ್ನಾಗಿದೆ. ಅಲ್ಲ, ಇದರಲ್ಲಿ ಅಜ್ಜಿ ಎಲ್ಲಿ?” ಎಂದರು ಆಕೆ.

“ಮೂರು ವಾಕ್ಯದಲ್ಲಿ ಎಲ್ಲರಿಗೂ ಜಾಗ ಎಲ್ಲಿ ಬರಬೇಕು?” ಎಂದರು ಮೇಷ್ಟರು.

“ಎಲ್ಲರಿಗೂ ಅಂದೆನೇ? ಅಜ್ಜಿಗೆ ಅಂದೆ” ಎಂದು ಆಕೆ ಒಳಗೆ ಹೋದರು.

ಬಿನ್ನಹ ಬೆಂಗಳೂರಿಗೆ ಹೋಯಿತು, ಒಪ್ಪಿಗೆಯೂ ಆಯಿತು. ಮೂರು ನಿಮಿಷದ ಮಾತಿಗಾಗಿ ಮೇಷ್ಟರು ರಾತ್ರಿಯ ಬಸ್ಸಿನಲ್ಲಿ ಹೊರಟರು. ಮಾತು ಸುಗಮವಾಗಿಯೇ ಸಾಗಿತು. ಮುಗಿದ ಮೇಲೆ ತೀರ್ಪುಗಾರರಲ್ಲಿ ಒಬ್ಬರು ಒಂದು ಪ್ರಶ್ನೆ ಕೇಳಿದರು: “ನಿಮ್ಮ ಸಾಗರದವರೇ ಆದ ನಾ. ಡಿಸೋಜರು ಇದೇ ಮುಳುಗಡೆಯನ್ನು ಕುರಿತು ‘ದ್ವೀಪ’, ‘ಮುಳುಗಡೆ’ ಬರೆದಿದ್ದಾರೆ. ‘ದ್ವೀಪ’ವನ್ನು 2002ರಲ್ಲಿ ಗಿರೀಶ ಕಾಸರವಳ್ಳಿಯವರು ಚಲನಚಿತ್ರವನ್ನಾಗಿಯೂ ಮಾಡಿದರು. ಅವರು ಹೇಳದೆ ಬಿಟ್ಟ ಯಾವ ಸಂಗತಿಯನ್ನು ನೀವು ಹೇಳುತ್ತಿದ್ದೀರಿ?” ಪ್ರಶ್ನೆಯಲ್ಲಿ ಕುಹಕವಿರಲಿಲ್ಲ, ಅದು ಅನುಬಂಧ ಚತುಷ್ಟಯದ ‘ಸಂಬಂಧ’. ಮೇಷ್ಟರು, ಅವರು ದೊಡ್ಡವರು, ಅವರ ಮುಂದೆ ತಾವೆಷ್ಟರವರು ಎಂಬ ಅರ್ಥದ ನಾಲ್ಕು ಮಾತನಾಡಿ ಕುಳಿತರು. ವಿನಯವೇನೋ ಸರಿ, ಅದು ಉತ್ತರವಾಗಿರಲಿಲ್ಲ.

ಹೀಗಿದ್ದರೂ ಹದಿನೈದು ದಿನಗಳಲ್ಲಿ ಪತ್ರ ಬಂದಿತು. ಬಹುಮಾನ 25,000 ರೂಪಾಯಿ, ಪುಸ್ತಕದ ಪ್ರಕಟಣೆ. ಮೇಷ್ಟರ ಶಾಲೆಯಲ್ಲಿ ಸಹೋದ್ಯೋಗಿಗಳಿಗೆ ಮೈಸೂರುಪಾಕಿನ ಹಂಚಿಕೆಯಾಯಿತು. ಪತ್ರದ ಎರಡನೆಯ ಹಾಳೆಯಲ್ಲಿ ಎರಡು ಷರತ್ತುಗಳಿದ್ದವು. ಒಂದು, ಮುದುಕಿಯ ತೊಂಬತ್ತು ಪುಟಗಳು ಕಥೆಯ ಓಟಕ್ಕೆ ಅಡ್ಡಿಯಾಗಿರುವುದರಿಂದ ಅವನ್ನು ತೆಗೆದು, ಬಿನ್ನಹದಲ್ಲಿ ಹೇಳಿರುವಂತೆ ಪ್ರೇಮಪ್ರಸಂಗವನ್ನೇ ಮುಂದು ಮಾಡಬೇಕು. ಎರಡು, ಜೊತೆಗಿರುವ ಕರಾರುಪತ್ರಕ್ಕೆ ಸಹಿ ಹಾಕಬೇಕು. ಕೃತಿಯ ಸಮಸ್ತ ಹಕ್ಕುಗಳನ್ನೂ, ಎಲ್ಲ ಭಾಷೆಗಳಲ್ಲಿ, ಎಲ್ಲ ರೂಪಗಳಲ್ಲಿ, ಜಗತ್ತಿನಾದ್ಯಂತ, ಹಕ್ಕುಸ್ವಾಮ್ಯದ ಪೂರ್ಣಾವಧಿಗೆ, ಬಹುಮಾನದ ಮೊತ್ತವನ್ನೇ ಪ್ರತಿಫಲವಾಗಿ ಪಡೆದು ಬರೆದುಕೊಡತಕ್ಕದ್ದು.

ಚೊಚ್ಚಲ ಲೇಖಕನು ಕರಾರುಪತ್ರವನ್ನು ಓದುವುದು ಅಪರೂಪ. ಎಲ್ಲಿ ಸಹಿ ಹಾಕಬೇಕೆಂಬುದನ್ನು ಮಾತ್ರ ಹುಡುಕುತ್ತಾನೆ. ಮೇಷ್ಟರ ಪುಣ್ಯಕ್ಕೆ ಅವರ ಹಳೆಯ ವಿದ್ಯಾರ್ಥಿಯೊಬ್ಬ ಸಾಗರದಲ್ಲಿ ವಕೀಲನಾಗಿದ್ದ. ಅವನು ಹಾಳೆಯನ್ನು ಎರಡು ಸಲ ಓದಿ, “ಸರ್, ಪೂರ್ಣಾವಧಿ ಅಂದರೆ ನೀವು ಇರುವವರೆಗೆ, ಆಮೇಲೆ ಇನ್ನೂ 60 ವರ್ಷ. ಇದಕ್ಕೆ ಸಹಿ ಹಾಕಿದರೆ ನಿಮ್ಮ ಮೊಮ್ಮಕ್ಕಳೂ ಈ ಪುಸ್ತಕದ ಒಂದು ಪುಟವನ್ನು ಅಚ್ಚು ಹಾಕಿಸಬೇಕಾದರೆ ಅವರನ್ನು ಕೇಳಬೇಕು” ಎಂದ.

ಅವನು ಅಂದು ಹೇಳಿದ ಸಂಗತಿಗಳು ಪ್ರತಿಯೊಬ್ಬ ಹೊಸ ಲೇಖಕನೂ ಹಸ್ತಪ್ರತಿಯ ರಟ್ಟಿನ ಒಳಗೆ ಬರೆದಿಟ್ಟುಕೊಳ್ಳತಕ್ಕವು. ನಮ್ಮ ದೇಶದ 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ಬರೆದ ಕ್ಷಣದಿಂದಲೇ ಹಕ್ಕು ಬರೆದವನದು. ಯಾವ ಕಚೇರಿಯಲ್ಲಿಯೂ ನೋಂದಾಯಿಸಬೇಕೆಂಬ ಕಡ್ಡಾಯವಿಲ್ಲ. ಹಕ್ಕನ್ನು ವರ್ಗಾಯಿಸುವುದಾದರೆ ಅದು ಬರವಣಿಗೆಯಲ್ಲಿರಬೇಕು, ಸಹಿಯಿರಬೇಕು. ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಗೌರವಧನ ಎಂಬುದನ್ನು ಕಾಣಿಸಬೇಕು. ಕಾಲವನ್ನು ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತವೆಂದೂ ಕಾನೂನು ತಿಳಿದುಕೊಳ್ಳುತ್ತದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಉಪಯೋಗಿಸದಿದ್ದರೆ, ಬೇರೆ ರೀತಿ ಬರೆದುಕೊಳ್ಳದ ಪಕ್ಷದಲ್ಲಿ, ಅದು ಬಿದ್ದುಹೋಗುತ್ತದೆ. ಎಲ್ಲವನ್ನೂ ಮಾರಿದರೂ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕು ಲೇಖಕನಲ್ಲೇ ಉಳಿಯುತ್ತದೆ. ಕಾನೂನು ಹೊಸಬನಿಗೆ ಇಷ್ಟೊಂದು ಬೇಲಿ ಹಾಕಿಕೊಟ್ಟಿದೆ. ಆದರೆ ‘ಪೂರ್ಣಾವಧಿ’, ‘ಸಮಸ್ತ ಹಕ್ಕು’ ಎಂಬ ಎರಡು ಪದಗಳಿಗೆ ಸಹಿ ಬಿದ್ದರೆ ಬೇಲಿಯನ್ನು ತಾನೇ ಕಿತ್ತಂತೆ.

ಪುಸ್ತಕ, ಚಲನಚಿತ್ರ, ಅನುವಾದ, ಧ್ವನಿಪುಸ್ತಕ ಇವು ಒಂದೇ ಗಂಟಿನ ಸಾಮಾನಲ್ಲ, ಬೇರೆ ಬೇರೆ ಹಕ್ಕುಗಳು. ಎಂ. ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’ 1969ರಲ್ಲಿ, ಅನಂತಮೂರ್ತಿಯವರ ‘ಸಂಸ್ಕಾರ’ 1970ರಲ್ಲಿ ಬೆಳ್ಳಿತೆರೆಗೆ ಬಂದ ನಾಡಿನಲ್ಲಿ ಲೇಖಕನು ಈ ಭೇದವನ್ನು ಅರಿಯದಿರುವುದು ಮುಗ್ಧತೆಯಲ್ಲ, ಅಜಾಗರೂಕತೆ. ಇನ್ನೊಂದು ಎಚ್ಚರಿಕೆಯೂ ಬೇಕು. ಕೆಲವು ಸ್ಪರ್ಧೆಗಳು ಬಹುಮಾನ ಬಾರದವರಿಗೂ ಪತ್ರ ಬರೆದು, ಮುದ್ರಣವೆಚ್ಚವನ್ನು ತಾವೇ ಕೊಟ್ಟರೆ ಪ್ರಕಟಿಸುವೆವೆನ್ನುತ್ತವೆ. ತನ್ನ ಹಣದಿಂದ ತಾನೇ ಪ್ರಕಾಶಕನಾಗುವುದು ಗೌರವದ ಕೆಲಸ. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಆದರೆ ಹಣ ಲೇಖಕನದು, ಹಕ್ಕು ಇನ್ನೊಬ್ಬರದು ಎಂಬ ಏರ್ಪಾಡು ಪ್ರಕಾಶನವಲ್ಲ. ನೀರು ಕೆರೆಯಿಂದ ಗದ್ದೆಗೆ ಹರಿಯಬೇಕು. ಗದ್ದೆಯಿಂದ ಕೆರೆಗೆ ಹರಿಯಿತೆಂದರೆ ಎಲ್ಲಿಯೋ ಏರಿ ಒಡೆದಿದೆ.

ಮೇಷ್ಟರು ಸಂಸ್ಥೆಗೆ ವಿನಯದ ಪತ್ರವೊಂದನ್ನು ಬರೆದರು: ಕನ್ನಡ ಪುಸ್ತಕದ ಹಕ್ಕನ್ನು ಐದು ವರ್ಷಕ್ಕೆ ಕೊಡಲು ಸಿದ್ಧ, ಉಳಿದವನ್ನು ಬಿಟ್ಟುಕೊಡಬೇಕು. ಕರಾರು ಎಲ್ಲರಿಗೂ ಒಂದೇ, ಬದಲಾವಣೆ ಸಾಧ್ಯವಿಲ್ಲವೆಂದು ಉತ್ತರ ಬಂದಿತು. 25,000 ರೂಪಾಯಿ ಮೇಷ್ಟರಿಗೆ ಸಣ್ಣ ಮೊತ್ತವಲ್ಲ. ಮಗಳ ಕಾಲೇಜಿನ ಶುಲ್ಕ ಅದೇ ತಿಂಗಳು ಕಟ್ಟಬೇಕಾಗಿತ್ತು. ಹಂಚಿದ ಮೈಸೂರುಪಾಕು ಬೇರೆ. ಮೂರು ದಿನ ಅವರಿಗೆ ನಿದ್ರೆ ಬರಲಿಲ್ಲ. ನಾಲ್ಕನೆಯ ದಿನ ಸಹಿಯಿಲ್ಲದ ಹಾಳೆಯನ್ನು ಹಿಂದಿರುಗಿಸಿದರು. ಶುಲ್ಕಕ್ಕೆ ಸಹಕಾರ ಸಂಘದಲ್ಲಿ ಸಾಲ ತೆಗೆದರು.

ಇಲ್ಲಿಗೆ ನಿಲ್ಲಿಸಿದರೆ ಇದು ಒಬ್ಬ ಸತ್ಯವಂತ ಲೇಖಕ, ಒಂದು ಲೋಭಿ ಸಂಸ್ಥೆ ಇವರ ಕಥೆಯಾಗುತ್ತದೆ. ಸಂಗತಿ ಅಷ್ಟು ಸರಳವಲ್ಲ. ಕರಾರು ಕೆಟ್ಟದ್ದಾಗಿತ್ತು, ಆದರೆ ಮುದುಕಿಯ ತೊಂಬತ್ತು ಪುಟಗಳು ಕಥೆಗೆ ಅಡ್ಡಿಯಾಗಿವೆಯೆಂಬ ಮಾತು? ಅದನ್ನು ಮೇಷ್ಟರು ಸಿಟ್ಟಿನಿಂದ ತಳ್ಳಿಹಾಕಿದ್ದರು. ಸಿಟ್ಟು ಇಳಿದ ಮೇಲೆ ಆ ಪುಟಗಳನ್ನು ತೆಗೆದು ಅಪರಿಚಿತನಂತೆ ಓದಿದರು. ನಿಜಕ್ಕೂ ಅವು ಜಡವಾಗಿದ್ದವು. ಅಜ್ಜಿಯ ಮೇಲಿನ ಭಕ್ತಿಯಲ್ಲಿ ಅವರು ಅಜ್ಜಿಯನ್ನು ಪೂಜಿಸಿದ್ದರೇ ಹೊರತು ಬರೆದಿರಲಿಲ್ಲ. ಅವರು ಬೈದದ್ದು, ಹಟ ಹಿಡಿದದ್ದು, ಸೊಸೆಯನ್ನು ಅಳಿಸಿದ್ದು ಯಾವುದೂ ಅಲ್ಲಿರಲಿಲ್ಲ. ತೀರ್ಪುಗಾರರು ರೋಗವನ್ನು ಸರಿಯಾಗಿಯೇ ಗುರುತಿಸಿದ್ದರು. ಹೇಳಿದ ಮದ್ದು ಮಾತ್ರ ತಪ್ಪಾಗಿತ್ತು. ಬರೆದ ಪದವನ್ನು ಅಳಿಸುವುದೇ ಇಲ್ಲವೆಂದು ಹೇಳಿಕೊಳ್ಳುವ ಅಗ್ಗಳಿಕೆ ಗದುಗಿನ ಕುಮಾರವ್ಯಾಸನಿಗೆ ಸಲ್ಲಬಹುದು. ಉಳಿದವರಿಗೆಲ್ಲ ಅಳಿಸುವ ರಬ್ಬರೂ ಲೇಖನಿಯಷ್ಟೇ ಅಗತ್ಯ.

ಕನ್ನಡದಲ್ಲಿ ಏಜೆಂಟರ ವರ್ಗ ಬಹುಮಟ್ಟಿಗೆ ಬೆಳೆಯಲಿಲ್ಲ. ಆದರೆ ಎರಡನೆಯ ಓದುಗನ ಪರಂಪರೆ ಇತ್ತು. ಧಾರವಾಡದಲ್ಲಿ 1933ರಲ್ಲಿ ಜಿ. ಬಿ. ಜೋಶಿಯವರು ಗೆಳೆಯರೊಡನೆ ಕಟ್ಟಿದ ಮನೋಹರ ಗ್ರಂಥಮಾಲೆಯ ‘ಅಟ್ಟ’ವನ್ನು ಬಲ್ಲವರು ಬಲ್ಲರು. ಚಂದಾದಾರರ ಬಲದಿಂದ ನಡೆದ ಆ ಮಾಲೆಯ ಅಟ್ಟದಲ್ಲಿ ಕೀರ್ತಿನಾಥ ಕುರ್ತಕೋಟಿಯವರಂತಹ ಓದುಗರು ಹಸ್ತಪ್ರತಿಗಳನ್ನು ಕುಳಿತು ಓದಿ ಚರ್ಚಿಸುತ್ತಿದ್ದರು. ಶಾಂತಿನಾಥ ದೇಸಾಯಿಯವರ ಮೊದಲ ಕಾದಂಬರಿ ‘ಮುಕ್ತಿ’ 1961ರಲ್ಲಿ, ಯು. ಆರ್. ಅನಂತಮೂರ್ತಿಯವರ ಮೊದಲ ಕಾದಂಬರಿ ‘ಸಂಸ್ಕಾರ’ 1965ರಲ್ಲಿ ಹೊರಬಂದದ್ದು ಆ ಅಟ್ಟದಿಂದ. ಅಮೆರಿಕೆಯ ಸ್ಪರ್ಧೆ ಹತ್ತು ವರ್ಷ ಉಚಿತವಾಗಿ ಮಾಡಿದ್ದು ಅಟ್ಟದ ಈ ಕೆಲಸವನ್ನೇ. ಹೊಸ ಲೇಖಕನು ಬಹುಮಾನಕ್ಕಿಂತ ಮೊದಲು ಹುಡುಕಬೇಕಾದದ್ದು ತನ್ನ ಅಟ್ಟವನ್ನು: ಮುಖ ನೋಡದೆ ನಿಜ ಹೇಳುವ ಒಬ್ಬ ಓದುಗನನ್ನು. ಅಂತಹವರು ಕೆಲವೊಮ್ಮೆ ಅಡುಗೆಮನೆಯಲ್ಲೇ ಇರುತ್ತಾರೆ.

ಆ ವರ್ಷ ಮೇ ತಿಂಗಳಲ್ಲಿ ಮೇಷ್ಟರು ಹಿನ್ನೀರಿನ ಕಡೆಗೆ ಹೋಗಿದ್ದರು. ಮಳೆ ಕಡಮೆಯಾದ ವರ್ಷಗಳಲ್ಲಿ ಬೇಸಗೆಯ ಕೊನೆಗೆ ನೀರು ಇಳಿದು, ಲಿಂಗನಮಕ್ಕಿಗಿಂತ ಮೊದಲು ಕಟ್ಟಿ ಅನಂತರ ಅದರ ನೀರಿನಲ್ಲೇ ಮುಳುಗಿದ ಹಿರೇಭಾಸ್ಕರ ಅಣೆಕಟ್ಟು ಮಡೆನೂರಿನ ಬಳಿ ಮೇಲೆದ್ದು ಕಾಣುತ್ತದೆ. ಮೈಲಿಗಟ್ಟಲೆ ನೀರಿದ್ದಾಗ ಏನೊಂದೂ ಕಾಣದು. ನೀರು ಇಳಿದಾಗ, ಯಾವುದು ಗಟ್ಟಿಯಾಗಿ ನಿಂತಿತ್ತೋ ಅದು ಮಾತ್ರ ಉಳಿದಿರುತ್ತದೆ. ದಡದಲ್ಲಿ ಕುಳಿತ ಮೇಷ್ಟರಿಗೆ ತಮ್ಮ 412 ಪುಟಗಳ ನೀರು ಇಳಿದರೆ ಯಾವುದು ಉಳಿದೀತೆಂಬ ಯೋಚನೆ ಬಂದಿತು. ಉಳಿದದ್ದು ಎಂಜಿನಿಯರರ ಮಗಳಲ್ಲ. ಕಂಬಳಿಯಲ್ಲಿ ಸುತ್ತಿದ ಒಂದು ಕಲ್ಲು. ಬೆಂಗಳೂರಿನಲ್ಲಿ ಕೇಳಿದ ಪ್ರಶ್ನೆಗೂ ಅವರಿಗೆ ಅಲ್ಲಿಯೇ ಉತ್ತರ ದೊರೆಯಿತು. ಮುಳುಗುವುದನ್ನು ಹಿರಿಯರು ಬರೆದಾಗಿತ್ತು. ತಮಗೆ ಗೊತ್ತಿದ್ದುದು ಮುಳುಗಿದ ಮೇಲಿನ ಮನೆ.

ಮತ್ತೆ ಎರಡು ವರ್ಷ ಹಿಡಿಯಿತು. ತೊಂಬತ್ತು ಪುಟಗಳು ನಲವತ್ತಾಗಿ ಕಾದಂಬರಿಯ ಮುಂಭಾಗಕ್ಕೆ ಬಂದವು. ಪ್ರೇಮಪ್ರಸಂಗ ಇಪ್ಪತ್ತು ಪುಟಕ್ಕೆ ಇಳಿಯಿತು. ಈ ಸಲ ಬಿನ್ನಹವನ್ನು ಬರೆಯಲು ಅರ್ಧ ಗಂಟೆ ಸಾಕಾಯಿತು: “ಅಣೆಕಟ್ಟಿನ ನೀರಿಗೆ ಊರು ಬಿಡುವ ದಿನ ಮುದುಕಿಯೊಬ್ಬಳು ಒರಳನ್ನು ಬಿಟ್ಟು ಅದರ ಗುಂಡನ್ನು ಮಾತ್ರ ತೆಗೆದುಕೊಂಡು ಹೊರಡುತ್ತಾಳೆ. ಹೊಸ ಊರಿನ ಯಾವ ಒರಳಿಗೂ ಅದು ಹೊಂದುವುದಿಲ್ಲ. ಆ ಕಲ್ಲನ್ನು ಹೊರಹಾಕದೆ ಅವಳ ಮಗ ಹೊಸ ಬಾಳನ್ನು ಕಟ್ಟಲಾರ, ಹೊರಹಾಕಿದರೆ ತಾಯಿ ಉಳಿಯಳು.” ಯಾರಿದ್ದಾರೆ, ಅವರಿಗೆ ಏನು ಬೇಕು, ಏನು ಅಡ್ಡವಿದೆ, ಏನು ಹೋದೀತು ಎಂಬ ನಾಲ್ಕೂ ಅದರಲ್ಲಿವೆ. ಇದನ್ನು ಯಾವ ಪುಸ್ತಕವೂ ಮೇಷ್ಟರಿಗೆ ಕಲಿಸಲಿಲ್ಲ. ಕಾದಂಬರಿ ಸರಿಹೋದಾಗ ಬಿನ್ನಹವೂ ತಾನಾಗಿ ಸರಿಹೋಯಿತು.

ದಾರಿಗಳಿಗೆ ಕೊರತೆಯಿಲ್ಲ. ವಾರಪತ್ರಿಕೆಗಳ ಧಾರಾವಾಹಿಯಿಂದ, ಕಾದಂಬರಿ ಸ್ಪರ್ಧೆಗಳಿಂದ ಹೆಸರಾದವರು ಕನ್ನಡದಲ್ಲಿ ಹಲವರು. ವಸುಧೇಂದ್ರರು 2004ರಲ್ಲಿ ಆರಂಭಿಸಿದ ಛಂದ ಪುಸ್ತಕ ಹೊಸ ಕತೆಗಾರರಿಗಾಗಿ ನಡೆಸಿಕೊಂಡು ಬಂದ ಸ್ಪರ್ಧೆ ಕೇಳಿದ್ದು ಬಿನ್ನಹವನ್ನಲ್ಲ, ಇಡೀ ಹಸ್ತಪ್ರತಿಯನ್ನು. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆಯನ್ನು ನಡೆಸಿದೆ. ವಯಸ್ಸು ಮೀರಿತೆಂದು ಕೊರಗುವವರು ಎಂ. ಕೆ. ಇಂದಿರಾ ಅವರನ್ನು ನೆನೆಯಬಹುದು. 1917ರಲ್ಲಿ ಹುಟ್ಟಿದ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ.

ಮೇಷ್ಟರ ಕಾದಂಬರಿಯನ್ನು ಕೊನೆಗೆ ತೆಗೆದುಕೊಂಡವರು ಒಬ್ಬ ಸಣ್ಣ ಪ್ರಕಾಶಕರು. ಬಹುಮಾನವಿಲ್ಲ, ಸಮಾರಂಭವಿಲ್ಲ. ಮುಖಬೆಲೆಯ ಶೇಕಡಾ 10 ಗೌರವಧನ, ಕನ್ನಡ ಪುಸ್ತಕದ ಹಕ್ಕು ಮಾತ್ರ, ಐದು ವರ್ಷದ ಅವಧಿ. ಎಲ್ಲವೂ ಒಂದೇ ಹಾಳೆಯಲ್ಲಿ. ವಕೀಲ ಶಿಷ್ಯ ಅದನ್ನು ಓದಿ, ತಿದ್ದಲು ಏನೂ ಸಿಗದೆ ತುಸು ಬೇಸರದಿಂದಲೇ ಹಿಂದಿರುಗಿಸಿದ. ಲೇಖಕರ ಪ್ರತಿಗಳ ಕಟ್ಟು ಬಸ್ಸಿನಲ್ಲಿ ಬಂದಿತು. ಸಹಕಾರ ಸಂಘದ ಸಾಲದ ಕಂತು ಇನ್ನೂ ಎಂಟು ಬಾಕಿಯಿದ್ದವು.

ಮೇಷ್ಟರ ಹೆಂಡತಿ ಕಟ್ಟಿನ ದಾರ ಬಿಚ್ಚಿ, ಮೇಲಿನ ಪ್ರತಿಯನ್ನು ತೆಗೆದು, ಮುಖಪುಟವನ್ನು ನೋಡದೆ ಮೊದಲು ಹಿಂಬದಿಯನ್ನು ತಿರುಗಿಸಿದರು. ಮೂರು ವಾಕ್ಯಗಳು ಅಲ್ಲಿದ್ದವು. ಮನಸ್ಸಿನಲ್ಲೇ ಓದಿಕೊಂಡರು.

“ಅಜ್ಜಿ ಬಂದರಲ್ಲ” ಎಂದರು. ಒಲೆಯ ಮೇಲೆ ಹಾಲಿತ್ತು. ಪುಸ್ತಕವನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಹೋದರು.